ತೊಳೆದರೂ ಹೋಗದ ಹಳದಿ

ಹುಳದ ಮನೆಯಲ್ಲಿ ಇಬ್ಬರು ಹೆಂಗಸರು ಮಾತಿಲ್ಲದೆ ಸೊಪ್ಪು ಹರಡುತ್ತಿದ್ದರು.

ಮುಂದೆ ಸುಮನಾ. ತೋಳಿನ ತುಂಬ ಹಿಪ್ಪುನೇರಳೆ ಕೊಂಬೆ ಹೊತ್ತು ಒಂದೊಂದಾಗಿ ಹುಳುಗಳ ಮೇಲೆ ಇಡುತ್ತ ಹೋಗುತ್ತಿದ್ದಳು. ಅವಳ ಹಿಂದೆ ಹೊಂಬಾಳಮ್ಮ. ಸಂದು ಬಿದ್ದ ಕಡೆಯೆಲ್ಲ ಬಿಡಿ ಎಲೆ ಉದುರಿಸುತ್ತ ಬರುತ್ತಿದ್ದಳು. ಕೊನೆಯ ಜ್ವರ ಬಿಟ್ಟು, ಪೊರೆ ಕಳಚಿ ಎದ್ದ ರೇಷ್ಮೆ ಹುಳುಗಳಿಗೆ ಎಷ್ಟು ಹಾಕಿದರೂ ಹಸಿವು. ಅವು ಮೇಯುವ ಸದ್ದು ಬಿಟ್ಟರೆ ಅಲ್ಲಿ ಬೇರೆ ಸದ್ದಿರಲಿಲ್ಲ.

ಆಡಬೇಕಾದ ಮಾತು ಬೇಕಾದಷ್ಟಿತ್ತು. ಆದರೆ ನೊಣ ಬರದಂತೆ ಪರದೆ ಹೊಡೆದ ಕಿಟಕಿಯಾಚೆ, ಜಗುಲಿಯ ಮೇಲೆ, ಸುಮನಾಳ ಅತ್ತೆ ಚಿನ್ನಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಮಗುವಿನ ಜೊತೆ ಅವಳು ಆಡುತ್ತಿದ್ದ ಒಂದೊಂದು ಮಾತೂ ಒಳಗೆ ಕೇಳುತ್ತಿತ್ತು. ಹಾಗಾದರೆ ಒಳಗಿನ ಮಾತೂ ಹೊರಗೆ ಕೇಳುತ್ತದೆ.

ಮೂಲೆಯ ಸಾಲಿಗೆ ಬಂದಾಗ ಸುಮನಾ ಸೊಪ್ಪಿನ ಮಂಕರಿಯ ತಳಕ್ಕೆ ಕೈ ಹಾಕಿದಳು. ಎರಡು ಅಗಲ ಎಲೆಗಳಲ್ಲಿ ಮಡಿಸಿಟ್ಟ ಏನನ್ನೋ ತೆಗೆದು ಹೊಂಬಾಳಮ್ಮನ ಕೈಗಿಟ್ಟಳು.

ಹೊಂಬಾಳಮ್ಮ ಎಲೆಯ ತುದಿ ಎತ್ತಿ ಇಣುಕಿದಳು. ಮರದ ಬಿಲ್ಲೆ. ಬಿಸ್ಕತ್ತಿನಷ್ಟು ಅಗಲ. ಅಂಚು ನುಣುಪು, ಚನ್ನಪಟ್ಟಣದ ಬೊಂಬೆಯ ಹಾಗೆ ಅರಗಿನ ಬಣ್ಣ. ಹಳದಿ.

ಗುಡೇಮಾರನಹಳ್ಳಿಯ ಒಂದು ಬಾಗಿಲಿಗೆ, ಕನಕಪುರದ ಕಡೆಯ ಒಂದು ಬಾಗಿಲಿಗೆ, ಈಗ ಅಕ್ಕೂರಿನ ಈ ಬಾಗಿಲಿಗೆ. ಇದು ಮೂರನೆಯದು.

"ಮುಟ್ಬೇಡ ಅಂದಿದ್ರಲ್ಲ ಫೋನಲ್ಲಿ" ಎಂದು ಸುಮನಾ ಪಿಸುಗುಟ್ಟಿದಳು. "ಅದ್ಕೆ ಸೊಪ್ಪಲ್ಲೇ ಸುತ್ತಿಟ್ಟೆ ಅಕ್ಕ."

"ಒಳ್ಳೇದಾಯ್ತು ಬುಡು." ಹೊಂಬಾಳಮ್ಮ ಎಲೆಯ ಮಡಿಕೆಯನ್ನು ಹಾಗೇ ಪ್ಲಾಸ್ಟಿಕ್ ಕವರಿಗೆ ಇಳಿಸಿ ಚೀಲಕ್ಕೆ ಸೇರಿಸಿದಳು. "ಎಲ್ಲಿತ್ತು?"

"ರಂಗೋಲಿ ಮೇಲೆ. ಬೆಳಿಗ್ಗೆ ನಾನೇ ಬಿಟ್ಟು, ಡೈರಿಗೆ ಹಾಲು ಹಾಕ್ಬುಟ್ಟು ಬಂದೆ. ಬರೋಷ್ಟರಲ್ಲಿ ನಟ್ಟ ನಡುವೆ ಇಟ್ಟವ್ರೆ."

"ಯಾರಾದ್ರೂ ನೋಡುದ್ರಾ?"

"ಇಲ್ಲ ಅನ್ಸುತ್ತೆ. ನಮ್ಮನೆಯವ್ರು ತೋಟಕ್ಕೋಗಿದ್ರು. ಅತ್ತೆ ಒಳಗೆ ಪಾಪೂಗೆ ನೀರಾಕ್ತಿದ್ರು."

ಹೊಂಬಾಳಮ್ಮ ಎಲೆ ಉದುರಿಸುವ ಕೈ ನಿಲ್ಲಿಸಲಿಲ್ಲ. ಅವಳು ಹೆಡ್ ಕಾನ್‌ಸ್ಟೇಬಲ್. ಇವತ್ತು ಬೆಳಿಗ್ಗೆ ಸುಮನಾ ಗುಟ್ಟಾಗಿ ಫೋನ್ ಮಾಡಿದ್ದೇ ರಜೆ ಹಾಕಿ, ಹೂವಿನ ಸೀರೆ ಉಟ್ಟು, ಕೂಟಗಲ್ಲಿನ ದೊಡ್ಡಮ್ಮನ ಮಗಳು ಅಂತ ಹೇಳಿಕೊಂಡು ಬಂದಿದ್ದಳು. ಕೂಟಗಲ್ ಸುಮನಾಳ ತವರು. ಬೇರೆ ದಾರಿ ಇರಲಿಲ್ಲ. ಬಿಲ್ಲೆ ಬಂದ ಯಾರೂ ಕಂಪ್ಲೇಂಟ್ ಬರೆದುಕೊಡಲು ಒಪ್ಪಿರಲಿಲ್ಲ. ಕಂಪ್ಲೇಂಟಿನಲ್ಲಿ ಮೊದಲು ಬರೆಯುವುದೇ ಹೆಸರು. ಯಾವ ಹೆಸರು ಹೊರಗೆ ಬರಬಾರದೆಂದು ಅವರು ನಿದ್ದೆಗೆಟ್ಟಿದ್ದರೋ ಅದೇ ಹೆಸರು.

"ಫೋನ್ ಬಂತಾ?"

"ಮಧ್ಯಾಹ್ನ ಬಂತು. ಗಂಡಸಿನ ದನಿ. 'ಹಳದಿ ನೆಪ್ಪೈತಾ?' ಅಂದ."

"ಆಮೇಲೆ?"

"ಸೋಮವಾರದೊಳಗೆ ಡಾಕ್ಟರಮ್ಮನ ಮೇಲೆ ಬರ್ಕೊಡ್ಬೇಕಂತೆ. ನನ್ನ ಕೇಳ್ದೆ, ನಂಗೆ ಹೇಳ್ದೆ, ಹೊಟ್ಟೇಲಿದ್ದುದ್ದ ತೆಗೆದುಬುಟ್ರು ಅಂತ. ಬರ್ಕೊಡ್ಲಿಲ್ಲ ಅಂದ್ರೆ ನಮ್ಮನೆಯವ್ರ ಕಿವಿಗೆ ಹಾಕ್ತಾನಂತೆ."

"ಅಂಗೇ ಆಗಿತ್ತಾ?"

"ಅಯ್ಯೋ ಇಲ್ಲಕ್ಕ. ನಾನೇ ಕೇಳ್ಕೊಂಡು ಹೋಗಿದ್ದು." ಸುಮನಾ ಒಂದು ಕೊಂಬೆಯನ್ನು ಇಟ್ಟು, ಮತ್ತೆ ಎತ್ತಿ, ಮತ್ತೆ ಅಲ್ಲೇ ಇಟ್ಟಳು. "ಪಾಪು ಆಪರೇಷನ್ ಮಾಡಿ ಆಗಿದ್ದು. ಹೊಲಿಗೆ ಸರಿಯಾಗಿ ಮಾಗೇ ಇರ್ಲಿಲ್ಲ, ಮತ್ತೆ ಬಸ್ರು ನಿಂತ್ಬುಡ್ತು. ಇದನ್ನ ಹೊತ್ರೆ ನೀನು ಉಳಿಯೋದು ಕಷ್ಟ ಅಂದ್ರು ಡಾಕ್ಟರಮ್ಮ. ಮನೇಲಿ ಹೇಳುದ್ರೆ ಏನಂತಾರೆ ಅಂತ ಗೊತ್ತು. ಗಂಡಾಗ್ಬೌದು, ದೇವ್ರವ್ನೆ, ಹೊತ್ಕೊ ಅಂತಾರೆ. ಹೊಲಿಗೆ ತೋರುಸ್ಕೊಂಡು ಬತ್ತೀನಿ ಅಂತ ಹೇಳಿ ಒಬ್ಳೇ ಹೋದೆ."

"ಗೊತ್ತಾದ್ರೆ?"

"ಪಾಪೂನ ಇಲ್ಲಿಟ್ಕೊಂಡು ನನ್ನ ಕೂಟಗಲ್ ಬಸ್ ಹತ್ತುಸ್ತಾರೆ. ಇದೇ ಬೀದೀಲಿ ಒಬ್ಳಿಗೆ ಅಂಗೇ ಮಾಡುದ್ರು. ಹಬ್ಬಕ್ಕೂ ಮಗಾನ ತೋರುಸ್ಲಿಲ್ಲ."

ಕಿಟಕಿಯಾಚೆ ಮಗು ಕೇಕೆ ಹಾಕಿತು. ಇಬ್ಬರೂ ಕಿಟಕಿಯ ಕಡೆ ನೋಡಿದರು.

"ಆಸ್ಪತ್ರೇಲಿ ಯಾವ ಊರು ಬರ್ಸಿದ್ದೆ?"

"ಆಧಾರ್ನಲ್ಲಿ ಇನ್ನೂ ಕೂಟಗಲ್ಲೇ ಐತೆ. ಅದನ್ನೇ ಕೊಟ್ಟೆ. ಫೋನ್ ನಂಬರೂ ನಮ್ಮವ್ವಂದು."

"ನಿನ್ನ ನಂಬರ್ ಕೊಡ್ಲೇ ಇಲ್ವಾ?"

"ಇಲ್ಲಕ್ಕ. ಮನೇಗೆ ಫೋನ್ ಬಂದ್ಬುಟ್ರೆ ಅಂತ ಹೆದ್ರಿಕೆ."

ಆಸ್ಪತ್ರೆಯ ಕಾಗದದಲ್ಲಿರುವುದೆಲ್ಲ ಕೂಟಗಲ್. ಬಿಲ್ಲೆ ಬಂದದ್ದು ಅಕ್ಕೂರಿಗೆ. ಫೋನ್ ಬಂದದ್ದು ಸುಮನಾಳ ನಂಬರಿಗೆ. ಇದು ಹೊಂಬಾಳಮ್ಮನ ತಲೆಯಲ್ಲಿ ಮುಳ್ಳಿನ ಹಾಗೆ ಚುಚ್ಚಿ ನಿಂತಿತು.

"ಏನ್ರವ್ವ!" ಹೊರಗಿಂದ ಚಿನ್ನಮ್ಮನ ದನಿ. "ಸೊಪ್ಪಾಕ್ತಿದ್ದೀರೋ, ಇಲ್ಲ ಒಂದೊಂದು ಹುಳಾನೂ ಹೆಸರಿಟ್ಟು ಕರ್ದು ಉಣ್ಣುಸ್ತಿದ್ದೀರೋ?"

"ಬಂದೋ ಅತ್ತೆ" ಎಂದಳು ಸುಮನಾ. ಒಂದೇ ಉಸಿರಿನಲ್ಲಿ ಅವಳ ಮುಖ ಬದಲಾಯಿತು. ದಿನಾ ಮಾಡಿ ಅಭ್ಯಾಸವಾದವರಿಗೆ ಮಾತ್ರ ಹಾಗೆ ಬರುತ್ತದೆ.

ಜಗುಲಿಯ ಮೇಲೆ ಚಿನ್ನಮ್ಮ ನಗುತ್ತ ಕೂತಿದ್ದಳು. ಮೊಮ್ಮಗಳು ಅವಳ ಬಳೆಗೆ ಬಾಯಿ ಹಾಕಿತ್ತು.

"ಹಲ್ ಬತ್ತಾವೆ ಕಣವ್ವ ಇದ್ಕೆ. ಸಿಕ್ಕುದ್ದೆಲ್ಲ ಬಾಯ್ಗೇ. ನಿನ್ನೆ ನನ್ನ ಚಪ್ಲೀನೂ ಬುಡ್ಲಿಲ್ಲ ಮುಂಡೇದು." ಮಗುವಿನ ಕೆನ್ನೆಗೆ ಮುತ್ತಿಟ್ಟಳು. "ಇದ್ಕೊಬ್ಬ ತಮ್ಮ ಬಂದ್ಬುಟ್ರೆ ನಾನು ಕಣ್ಮುಚ್ಕೊಂಡು ಹೊಂಟೋಯ್ತೀನಿ."

ಸುಮನಾ ಕೊಡ ಎತ್ತಿಕೊಂಡು ನೀರಿಗೆ ಹೋದಳು.

"ನಿಂತ್ಕೊ ಮಗ, ಎಲೆಅಡ್ಕೆ ಹಾಕ್ಕೊಂಡೋಗು. ಹುಳದ ಮನೆ ಒಳಗೆ ತಿನ್ನಂಗಿಲ್ಲ ನೋಡು, ಹೊಗೆಸೊಪ್ಪಿನ ಗಾಳಿ ತಾಕುದ್ರೆ ಹುಳ ಸತ್ತೋಯ್ತವೆ. ಅದ್ಕೇ ನಂಗೆ ಈ ಜಗುಲಿನೇ ಗತಿ." ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ಗಂಟು ಬಿಚ್ಚಿ, ಒಳಗೇ ಕೈಯಾಡಿಸಿ, ಅಡಿಕೆಯ ಹೋಳುಗಳನ್ನು ತೆಗೆದು ಹೊಂಬಾಳಮ್ಮನ ಅಂಗೈಗೆ ಹಾಕಿದಳು. ಗಂಟು ಮತ್ತೆ ಬಿಗಿಯಾಯಿತು.

ಅಡಿಕೆ ಬಾಯಿಗೆ ಹಾಕಿಕೊಂಡಾಗ ಅಂಗೈಯಲ್ಲಿ ಒಂದು ಹಳದಿ ಕಲೆ ಉಳಿಯಿತು. ಶುಕ್ರವಾರ. ಚಿನ್ನಮ್ಮನ ಕೆನ್ನೆಯ ಮೇಲೂ ಅರಿಶಿನ ಇತ್ತು. ಹೊಂಬಾಳಮ್ಮ ಅದನ್ನು ಸೀರೆಗೆ ಒರೆಸಿಕೊಂಡು ಬಸ್ಸಿಗೆ ನಡೆದಳು.

*

ಚನ್ನಪಟ್ಟಣದಲ್ಲಿ ಡಾಕ್ಟರ್ ತಾಹೇರಾ ಅವರ ನರ್ಸಿಂಗ್ ಹೋಂ ಮುಖ್ಯರಸ್ತೆಗೇ ಇತ್ತು. ಮುಂದೆ ದೊಡ್ಡ ಗಾಜಿನ ಬಾಗಿಲು. ಒಳಗೆ ಗೋಡೆಯ ಮೇಲೆ ಒಂದು ಬೋರ್ಡು: ಇಲ್ಲಿ ಯಾರ ಹೆಸರನ್ನೂ ಕೂಗುವುದಿಲ್ಲ.

ಕೌಂಟರಿನ ಹುಡುಗಿ ಬಂದವರ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಏನೋ ಕೇಳಿ, ಟ್ರೇಯಿಂದ ಒಂದು ಮರದ ಬಿಲ್ಲೆ ತೆಗೆದು ಕೊಡುತ್ತಿದ್ದಳು. ಒಬ್ಬರಿಗೆ ಕೆಂಪು, ಒಬ್ಬರಿಗೆ ಹಸಿರು. ಒಳಗಿಂದ ನರ್ಸು ಬಂದು ಅದೇ ಬಣ್ಣದ ಬಿಲ್ಲೆಯನ್ನು ಎತ್ತಿ ತೋರಿಸಿದಾಗ ಆ ಬಣ್ಣದವರಲ್ಲಿ ಮುಂದಿದ್ದವರು ಎದ್ದು ಹೋಗುತ್ತಿದ್ದರು. ಹೆಸರಿಲ್ಲ, ಊರಿಲ್ಲ.

ಹೊಂಬಾಳಮ್ಮ ಬೆಂಚಿನ ತುದಿಗೆ ಕೂತಳು. ಪಕ್ಕದಲ್ಲಿ ಒಬ್ಬ ಅಜ್ಜಿ ಪೊಟ್ಟಣದಿಂದ ಕಡ್ಲೆಪುರಿ ತಿನ್ನುತ್ತಿದ್ದಳು.

"ಯಾವ ಬಿಲ್ಲೆ ಕೊಟ್ರವ್ವ ನಿಂಗೆ?"

"ಇನ್ನೂ ಇಸ್ಕೊಂಡಿಲ್ಲ ಅಜ್ಜಿ."

"ಇಸ್ಕೊ ಮತ್ತೆ. ಇಲ್ದಿದ್ರೆ ದೀಪ ಹಚ್ಚೋಗಂಟ ಇಲ್ಲೇ ಕೂತಿರ್ತೀಯ. ನಮ್ ಸೊಸೇದು ಕೆಂಪು, ಸ್ಕ್ಯಾನಿಂಗು. ಅಗೋ ಕಂಬದ ತಾವ ಕೂತವ್ಳಲ್ಲ ದಪ್ಪಗೆ, ಅವಳ್ದು ಹಸಿರು. ಅದು ತಿಂಗ್ಳು ತಿಂಗ್ಳು ತೋರ್ಸೋದು."

"ಹಳದಿ?"

ಅಜ್ಜಿ ಅಗಿಯುವುದನ್ನು ನಿಲ್ಲಿಸಿದಳು. ಆ ಕಡೆ ಈ ಕಡೆ ನೋಡಿದಳು.

"ಅದಾ? ಅದು ಬ್ಯಾಡ ಅನ್ನೋರ್ದು ಕಣವ್ವ. ಇವತ್ತೂ ಒಬ್ಳು ಹೋದ್ಲು. ನಮ್ ಊರ ಕಡೆಯೋಳೇ ಇರ್ಬೇಕು. ಮುಖಕ್ಕೆ ಸೆರಗಾಕ್ಕೊಂಡಿದ್ಲು, ಆದ್ರೆ ನಡಿಗೆಗೆ ಏನಾಕ್ಕೊತಾಳೆ?"

"ಇದನ್ನೆಲ್ಲ ಯಾರ್ ಹೇಳುದ್ರು ನಿಮ್ಗೆ?"

"ಹೇಳ್ಬೇಕಾ? ಕೂತು ನೋಡುದ್ರೆ ಗೊತ್ತಾಗಲ್ವಾ? ಬೆಳಿಗ್ಗೆಯಿಂದ ಬ್ಯಾರೆ ಏನ್ ಕೆಲ್ಸ ನಂಗೆ?" ಅಜ್ಜಿ ಪೊಟ್ಟಣ ಮುಂದೆ ಹಿಡಿದಳು. "ತಿನ್ನು, ಗರಿಗರಿಯಾಗವೆ."

ಹೊಂಬಾಳಮ್ಮ ಬೇಡವೆಂದು ತಲೆಯಾಡಿಸಿದಳು. ಹಾಲಿನ ತುಂಬ ಕೂತ ಹೆಂಗಸರನ್ನು ನೋಡಿದಳು. ಎಲ್ಲರ ಕಣ್ಣೂ ಎಲ್ಲರ ಕೈಯ ಮೇಲೆ. ಬಾಗಿಲ ಪಕ್ಕದಲ್ಲಿ ಕೂತ ಒಬ್ಬ ಹುಡುಗಿ ಮಾತ್ರ ಮುಷ್ಟಿ ಮುಚ್ಚಿಕೊಂಡಿದ್ದಳು. ಮುಚ್ಚಿದ ಮುಷ್ಟಿಯನ್ನು ಕಂಡೇ ಅದರೊಳಗಿನ ಬಣ್ಣ ಯಾವುದೆಂದು ಹೇಳಬಹುದಿತ್ತು.

ಅಡಿಕೆ ತಿಂದ ಬಾಯಿ ತೊಳೆಯಲು ಕೌಂಟರಿನ ಬದಿಯ ನಲ್ಲಿಗೆ ಹೋದಳು. ಸೋಪು ಹಾಕಿ ಕೈ ಉಜ್ಜಿದಳು. ಅಂಗೈಯ ಹಳದಿ ಹಾಗೇ ಇತ್ತು. ಮತ್ತೆ ಉಜ್ಜಿದಳು.

"ಅಕ್ಕಾ, ಅದು ಸೋಪಿಗೆ ಹೋಗಲ್ಲ." ಕೌಂಟರಿನ ಹುಡುಗಿ ನಗುತ್ತ ತನ್ನ ಬೆರಳು ಚಾಚಿದಳು. ತುದಿಗಳೆಲ್ಲ ಕೆಂಪು, ಹಸಿರು, ಹಳದಿ. "ಅರಗಿನ ಬಣ್ಣ. ನಂದೂ ನೋಡಿ, ಮದುವೆ ಮನೆ ಥರ."

ಹುಡುಗಿಯ ಹೆಸರು ಮುಬಶ್ಶಿರಾ. ಹತ್ತಿಗೆ ಸ್ಪಿರಿಟ್ ಹಾಕಿ ಕೊಟ್ಟಳು. ಒಂದು ಸಲ ಒರೆಸಿದ್ದೇ ತಡ, ಹಳದಿ ಹತ್ತಿಗೆ ಬಂತು.

"ಬೊಂಬೆ ಬಣ್ಣ ಇಂಗೆ ಕೈಗೆ ಹತ್ತುತ್ತಾ?" ಎಂದು ಹೊಂಬಾಳಮ್ಮ ಕೇಳಿದಳು. "ನಮ್ಮ ಮಕ್ಕಳೆಲ್ಲ ಚೀಪಿ ಬೆಳ್ದವು, ಒಂದಿನಾನೂ ಹತ್ಲಿಲ್ಲ."

"ಹೊಸದು ಹತ್ತಲ್ಲ ಅಕ್ಕಾ. ಇಲ್ಲಿ ಎಲ್ಲಾರ ಕೈ ಮುಟ್ಟುತ್ತಲ್ಲ, ದಿನಾ ಸಾಯಂಕಾಲ ಸ್ಪಿರಿಟ್ ಹಾಕಿ ಒರೆಸ್ತೀನಿ. ಸ್ಪಿರಿಟ್ಟಿಗೆ ಅರಗು ಕರಗುತ್ತೆ. ಅಂಟಂಟು ಆಗಿಬಿಟ್ಟಿದೆ. ಒಸಿ ಬೆಚ್ಚಗಿದ್ರೆ ಸಾಕು, ಮುಟ್ಟಿದ್ದಕ್ಕೆಲ್ಲ ಮೆತ್ಕೊಳುತ್ತೆ."

"ಎಲ್ಲ ಬಿಲ್ಲೆ ವಾಪಸ್ ಬತ್ತಾವಾ?"

ಹುಡುಗಿಯ ನಗು ಕಡಿಮೆಯಾಯಿತು. "ಕೆಂಪು ಬರುತ್ತೆ, ಹಸಿರು ಬರುತ್ತೆ. ಹಳದಿ ಕಮ್ಮಿ ಆಗಿದೆ. ಕೆಲವರು ಇಸ್ಕೊಂಡು ಕೂತ್ಕೋತಾರೆ, ಆಮೇಲೆ ಹೆದ್ರಿಕೊಂಡು ಎದ್ದೋಗ್ಬಿಡ್ತಾರೆ. ಬಿಲ್ಲೆ ಸೆರಗಲ್ಲೇ ಹೋಗುತ್ತೆ. ಯಾರು ಅಂತ ನಾನು ನೋಡಲ್ಲ. ನೋಡ್ಬೇಡ ಅಂದಿದಾರೆ ಮೇಡಮ್."

"ಮೊದ್ಲಿಂದ್ಲೂ ಈ ಬಿಲ್ಲೇನಾ?"

"ಇಲ್ಲ. ಮೊದ್ಲು ಕೆಂಪರಾಜಣ್ಣ ಇದ್ದ. ಬಾಗಿಲಲ್ಲಿ ನಿಂತು ಊರು ಸೇರಿಸಿ ಹೆಸರು ಕೂಗ್ತಿದ್ದ. ಒಂದೇ ಹೆಸರಿನೋರು ತುಂಬ ಜನ ಬರ್ತಾರಲ್ಲ, ಅದಕ್ಕೆ. ಒಂದು ದಿನ ಒಬ್ಬ ಅಕ್ಕನ ಹೆಸರು ಕೂಗಿ, 'ತೆಗೆಸೋಕೆ ಬಂದೋರು ನೀವೇನಾ?' ಅಂತ ಕೇಳ್ಬಿಟ್ಟ. ಆ ಅಕ್ಕನ ನಾದಿನಿ ಅಲ್ಲೇ ಹಿಂದಿನ ಬೆಂಚಲ್ಲಿದ್ಲು."

"ಆಮೇಲೆ?"

"ಆಮೇಲೆ ಆ ಅಕ್ಕ ಬರ್ಲೇ ಇಲ್ಲ." ಮುಬಶ್ಶಿರಾ ಟ್ರೇಯ ಬಿಲ್ಲೆಗಳನ್ನು ಸುಮ್ಮನೆ ಜೋಡಿಸಿದಳು. "ಅವತ್ತೇ ಮೇಡಮ್ ಅವನನ್ನ ಬಿಡಿಸಿದ್ರು. ಈಗ ಎದುರಿಗೇ ಲ್ಯಾಬ್ ಇಟ್ಕೊಂಡಿದಾನೆ."

ಹೊಂಬಾಳಮ್ಮ ಗಾಜಿನಾಚೆ ನೋಡಿದಳು. ರಸ್ತೆಯ ಆ ಬದಿಯಲ್ಲಿ, ರಕ್ತ ಮೂತ್ರ ಪರೀಕ್ಷೆಯ ಬೋರ್ಡಿನ ಕೆಳಗೆ, ಬಿಳಿ ಅಂಗಿಯ ಒಬ್ಬ ಗಂಡಸು ಕುರ್ಚಿ ಹಾಕಿಕೊಂಡು ಇತ್ತಲೇ ಮುಖ ಮಾಡಿ ಕೂತಿದ್ದ. ಅಲ್ಲಿಂದ ಹಾಲಿನ ಬೆಂಚು ಕಾಣುತ್ತಿತ್ತು. ಬೆಂಚಿನ ಮೇಲಿನವರ ಕೈಯೂ ಕಾಣುತ್ತಿತ್ತು.

*

"ಆಗಲ್ಲ" ಎಂದರು ಡಾಕ್ಟರ್ ತಾಹೇರಾ.

"ಪೂರ್ತಿ ಕೇಳಿ ಮೇಡಮ್."

"ಕೇಳಿದೆ. ಹಳದಿ ಬಿಲ್ಲೆ ತಗೊಂಡವರ ಹೆಸರು ಬೇಕು ನಿಮಗೆ. ಆಗಲ್ಲ."

ಮೇಜಿನ ಮೇಲೆ ಹೊಂಬಾಳಮ್ಮನ ಪೊಲೀಸ್ ಗುರುತಿನ ಚೀಟಿ ಇತ್ತು. ಡಾಕ್ಟರ ಹಿಂದೆ ಒಂದು ಕಬ್ಬಿಣದ ಬೀರು. ಅದರ ಬೀಗದಕೈ ಅವರ ಕೊರಳ ದಾರದಲ್ಲಿ, ದುಪಟ್ಟಾದ ಒಳಗಡೆ.

"ಮೂರು ಮನೆ ಮುರಿಯೋ ಹಂಗಾಗವೆ ಮೇಡಮ್. ಆ ಮೂವರನ್ನ ಬಿಟ್ಟು ಇನ್ನೂ ಎಷ್ಟು ಜನಕ್ಕೆ ಬಿಲ್ಲೆ ಬಂದೈತೋ ಗೊತ್ತಿಲ್ಲ. ಹೆದರ್ಕೊಂಡು ಸುಮ್ನವ್ರೆ. ಹೆಸರು ಸಿಕ್ಕುದ್ರೆ ನಾನೇ ಹೋಗಿ ಕೇಳ್ತೀನಿ."

"ನೀವು ಒಂದು ಮನೆ ಬಾಗಿಲಿಗೆ ಹೋಗಿ, ಬಿಲ್ಲೆ ಬಂತಾ ಅಂತ ಕೇಳಿದ್ರೆ ಸಾಕು. ಬಿಲ್ಲೆ ಬರದೇ ಇದ್ರೂ ಅವಳ ಕಥೆ ಮುಗೀತು." ಡಾಕ್ಟರ ದನಿ ಏರಲಿಲ್ಲ. "ಕೋ‌ರ್ಟ್ ಕೇಳಿದ್ರೆ ಮುಚ್ಚಿದ ಕವರಲ್ಲಿ ಕೊಡ್ತೀನಿ. ಬಾಯಿಮಾತಿಗೆ ಕೊಡಲ್ಲ. ನನ್ನ ನರ್ಸಿಗೂ ಈ ಬೀರು ತೆಗೆಯೋ ಹಕ್ಕಿಲ್ಲ. ಸರಿ, ನೀವೇ ಹೇಳಿ. ಇವತ್ತು ಬಿಲ್ಲೆ ಬಂದದ್ದು ಯಾರಿಗೆ?"

"ಅದನ್ನ ನಾನು ಹೇಳಲ್ಲ."

"ಯಾಕೆ?"

"ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಡಾಕ್ಟರು ಮೊದಲು ಕಣ್ಣು ಕೆಳಗೆ ಮಾಡಿ ಸಣ್ಣಗೆ ನಕ್ಕರು.

"ಮತ್ತೆ ನಮ್ಮಿಬ್ಬರಿಗೂ ಜಗಳ ಯಾಕೆ?"

"ಜಗಳ ಇಲ್ಲ ಮೇಡಮ್. ಆದ್ರೆ ನಿಮ್ಮ ಬೀರುವಿನಿಂದ ಏನೂ ಹೊರಗೆ ಹೋಗಿಲ್ಲ. ಹೊರಗೆ ಹೋಗ್ತಿರೋದು ಜನ ಕಾಯ್ತಾ ಕೂರೋ ಹಾಲಿಂದ." ಹೊಂಬಾಳಮ್ಮ ಅಜ್ಜಿಯ ಮಾತನ್ನೆಲ್ಲ ಹೇಳಿದಳು. ಕೆಂಪು ಏನು, ಹಸಿರು ಏನು, ಹಳದಿ ಏನು. ಕಡ್ಲೆಪುರಿ ತಿನ್ನುತ್ತ ಓದುವಷ್ಟು ಸಲೀಸು. "ಬಾಯಿ ಮುಚ್ಚಿಸಿದ್ರಿ. ಕಣ್ಣು ಬಿಟ್ಕೊಂಡೇ ಅವ್ರೆ."

ಡಾಕ್ಟರ ಮುಖದ ಬಣ್ಣ ಇಳಿಯಿತು.

"ಆ ಬಿಲ್ಲೆ ನಮ್ಮ ತಂದೆ, ಅಬ್ಬಾ, ಮಾಡಿಕೊಟ್ಟದ್ದು" ಎಂದರು. "ಪೀರ್ ಸಾಬ್ ಅಂದ್ರೆ ಬೊಂಬೆ ಬೀದೀಲಿ ಎಲ್ಲರಿಗೂ ಗೊತ್ತು. ಅಂಕಿ ಓದೋಕೆ ಬರದೋರು ಇರ್ತಾರೆ ಅಬ್ಬಾ, ಬಣ್ಣ ಆದ್ರೆ ಎಲ್ಲರಿಗೂ ಗೊತ್ತಾಗುತ್ತೆ ಅಂತ ನಾನೇ ಹೇಳಿದ್ದು."

"ಎಲ್ಲರಿಗೂ ಗೊತ್ತಾಯ್ತು."

ಡಾಕ್ಟರು ಗಂಟೆ ಒತ್ತಿದರು. ಮುಬಶ್ಶಿರಾ ಬಾಗಿಲಲ್ಲಿ ಕಂಡಳು. "ಬಿಲ್ಲೆ ಎಲ್ಲ ವಾಪಸ್ ಇಸ್ಕೋ. ಈಗಲೇ. ನಾಳೆಯಿಂದ ಎಲ್ಲರಿಗೂ ಒಂದೇ ಬಣ್ಣ. ಆ ಗಾಜಿಗೆ ಪರದೆ ಹಾಕಿಸು." ಹುಡುಗಿ ಹೋದ ಮೇಲೆ ಮತ್ತೆ ಹೊಂಬಾಳಮ್ಮನ ಕಡೆ ತಿರುಗಿದರು. "ಆದ್ರೆ ಆ ಬಾಗಿಲಿಗೆ ಬಂದದ್ದು ನಮ್ಮ ಬಿಲ್ಲೆನೇ ಅಂತ ಹೇಗೆ ಹೇಳ್ತೀರಿ? ಅಂಥದ್ದು ಈ ಊರಲ್ಲಿ ಯಾರು ಬೇಕಾದ್ರೂ ಕಡೆದುಕೊಡ್ತಾರೆ."

"ಹೊಸ ಬಿಲ್ಲೆ ಬಣ್ಣ ಬಿಡಲ್ಲ. ನಿಮ್ದು ಸ್ಪಿರಿಟ್ ಕುಡಿದು ಬಣ್ಣ ಬಿಡ್ತದೆ. ನನ್ನ ಅಂಗೈಗೇ ಹತ್ತಿತ್ತು, ನಿಮ್ಮ ಹುಡುಗೀನೇ ತೆಗೆದುಕೊಟ್ಲು. ನೋಡಿ, ಇಲ್ಲೇ..."

ಹೊಂಬಾಳಮ್ಮ ಚೀಲಕ್ಕೆ ಕೈ ಹಾಕಿ ಪ್ಲಾಸ್ಟಿಕ್ ಕವರು ತೆಗೆದಳು. ಒಳಗೆ ಹಿಪ್ಪುನೇರಳೆ ಎಲೆಯ ಮಡಿಕೆ. ಬಾಡಿತ್ತು, ಆದರೆ ಬಿಚ್ಚಿರಲಿಲ್ಲ. ಸುಮನಾ ಕೊಟ್ಟಾಗ ಹೇಗಿತ್ತೋ ಹಾಗೇ.

ಅವಳ ಕೈ ಅಲ್ಲೇ ನಿಂತಿತು.

ಈ ಬಿಲ್ಲೆಯನ್ನು ಅವಳು ಮುಟ್ಟೇ ಇರಲಿಲ್ಲ. ಎಲೆಯ ತುದಿ ಎತ್ತಿ ಇಣುಕಿದ್ದಳು, ಅಷ್ಟೇ. ಹಾಗಾದರೆ ಅಂಗೈಗೆ ಹಳದಿ ಬಂದದ್ದು ಎಲ್ಲಿಂದ?

ಹುಳದ ಮನೆಯಲ್ಲಿ ಎಲೆ, ಕೊಂಬೆ. ಆಮೇಲೆ ಜಗುಲಿ. ಸೊಂಟದ ಬಿಸಿಯಲ್ಲಿ ಬೆಚ್ಚಗೆ ಕೂತಿದ್ದ ಒಂದು ಸೆರಗಿನ ಗಂಟು. ಅದರೊಳಗೇ ಕೈಯಾಡಿಸಿ, ಬೇರೆ ಏನೂ ಕಾಣದ ಹಾಗೆ ತೆಗೆದುಕೊಟ್ಟ ಅಡಿಕೆಯ ಹೋಳು.

ಅರಿಶಿನವಾಗಿದ್ದರೆ ಸೋಪು ತಾಕಿದಾಗ ಕೆಂಪಾಗಬೇಕಿತ್ತು.

ಸುಮನಾಳ ನಂಬರು ಆಸ್ಪತ್ರೆಯಲ್ಲಿ ಇಲ್ಲ. ಆದರೆ ಅಕ್ಕೂರಿನ ಆ ಮನೆಯಲ್ಲಿ ಇದೆ.

"ಏನಾಯ್ತು?" ಎಂದರು ಡಾಕ್ಟರು.

"ಏನಿಲ್ಲ ಮೇಡಮ್." ಹೊಂಬಾಳಮ್ಮ ಕವರನ್ನು ಮತ್ತೆ ಚೀಲಕ್ಕೆ ಹಾಕಿದಳು. ಇವರ ಮುಂದೆ ಆ ಮನೆಯ ಹೆಸರೆತ್ತುವ ಹಾಗಿರಲಿಲ್ಲ. "ಬತ್ತೀನಿ. ಪರದೆ ಇವತ್ತೇ ಹಾಕ್ಸಿ."

ರಸ್ತೆಗಿಳಿದಾಗ ಎದುರಿನ ಕುರ್ಚಿಯಿಂದ ಕೆಂಪರಾಜು ಎದ್ದು ನಿಂತ. ಹಲ್ಲು ಕಿರಿದ.

"ಏನ್ ಮೇಡಮ್, ಮಫ್ತೀಲಿ ಬಂದುಬುಟ್ಟಿದ್ದೀರಿ? ನಿಮ್ಗೆ ಯಾವ ಬಣ್ಣ ಕೊಟ್ರು?"

"ಖಾಕಿ ಕಣಪ್ಪ" ಎಂದಳು ಹೊಂಬಾಳಮ್ಮ. "ಸೋಪಿಗೂ ಹೋಗಲ್ಲ, ಸ್ಪಿರಿಟ್ಟಿಗೂ ಹೋಗಲ್ಲ. ಲ್ಯಾಬ್ ಬಾಗ್ಲು ತೆರೆದೇ ಇಟ್ಟಿರು, ಬತ್ತೀನಿ."

ಅವನ ನಗು ಅರ್ಧಕ್ಕೇ ನಿಂತಿತು. ನಿಂತು ನೋಡಲು ಅವಳಿಗೆ ಪುರಸೊತ್ತಿರಲಿಲ್ಲ. ಕೈ ಅಡ್ಡ ಹಾಕಿ ಆಟೋ ಹತ್ತಿದಳು.

*

ದಾರಿಯುದ್ದಕ್ಕೂ ಒಂದೊಂದಾಗಿ ತೂಗಿ ನೋಡಿದಳು. ಯಾವುದೂ ಸಮ ನಿಲ್ಲಲಿಲ್ಲ.

ಚಿನ್ನಮ್ಮನ ಹತ್ತಿರ ಹಳದಿ ಬಿಲ್ಲೆ ಇದೆ. ಹಾಗಾದರೆ ರಂಗೋಲಿಯ ಮೇಲೆ ಇಟ್ಟವಳು ಅವಳೇನಾ? ಸೊಸೆ ಡೈರಿಗೆ ಹೋದಾಗ ಮನೆಯಲ್ಲಿ ಇದ್ದವಳು ಅವಳೊಬ್ಬಳೇ. ಆದರೆ ಎಲ್ಲ ಗೊತ್ತಿದ್ದ ಅತ್ತೆ ಬೀದಿಯ ಮುಂದೆ ಹಾಡದೆ, ಗಂಡಸಿನ ದನಿಯಲ್ಲಿ ಫೋನ್ ಮಾಡಿಸುತ್ತಾಳಾ? ಡಾಕ್ಟರ ಮೇಲೆ ಬರೆದುಕೊಡು ಅನ್ನುತ್ತಾಳಾ? ಹಳದಿಯ ಅರ್ಥ ತಿಳಿದವಳು ಇವತ್ತು ಮಧ್ಯಾಹ್ನ, ಒಬ್ಬ ತಮ್ಮ ಬಂದುಬಿಟ್ಟರೆ ಅಂತ ಅಷ್ಟು ಸಲೀಸಾಗಿ ನಗಲು ಸಾಧ್ಯವಾ?

ಆ ನಗು ಸುಮನಾಳಿಗೆ ಕೇಳಲಿ ಅಂತಲೇ ನಕ್ಕದ್ದಾದರೆ?

ಅಕ್ಕೂರಿನ ಬೀದಿಗೆ ಇಳಿದಾಗ ಹೊತ್ತು ಮುಳುಗುತ್ತಿತ್ತು. ಡೈರಿಯ ಮುಂದೆ ಕ್ಯಾನುಗಳ ಸದ್ದು. ಹೊಂಬಾಳಮ್ಮ ಚಪ್ಪಲಿಯ ಸದ್ದಾಗದಂತೆ ನಡೆದಳು.

ಜಗುಲಿಯ ಕಂಬಕ್ಕೆ ಒರಗಿ ಚಿನ್ನಮ್ಮ ತೂಕಡಿಸುತ್ತಿದ್ದಳು. ಬಾಯಿ ಅರ್ಧ ತೆರೆದಿತ್ತು. ಮಡಿಲಲ್ಲಿ ಮೊಮ್ಮಗಳು ಎಚ್ಚರವಾಗಿ, ತನ್ನಷ್ಟಕ್ಕೆ ತಾನು ಆಡಿಕೊಂಡಿತ್ತು.

ಸೆರಗಿನ ಗಂಟು ಬಿಚ್ಚಿಹೋಗಿತ್ತು. ಅಡಿಕೆ ಹೋಳು ಜಗುಲಿಯ ತುಂಬ ಚೆಲ್ಲಿತ್ತು.

ಮಗು ಎರಡೂ ಕೈಯಲ್ಲಿ ಏನನ್ನೋ ಹಿಡಿದು ಚೀಪುತ್ತಿತ್ತು. ಗಲ್ಲದ ಮೇಲೆ ಜೊಲ್ಲು ಇಳಿದಿತ್ತು. ಹಳದಿ ಜೊಲ್ಲು.

ಹೊಂಬಾಳಮ್ಮ ಚೀಲವನ್ನು ಮೇಲಿಂದ ಮುಟ್ಟಿ ನೋಡಿದಳು. ಎಲೆಯ ಮಡಿಕೆ ಒಳಗೇ ಇತ್ತು. ಇದು ಇನ್ನೊಂದು.

ಚಿನ್ನಮ್ಮ ಕಣ್ಣು ತೆರೆದಳು. "ಯಾಕ್ ಮಗ, ಏನಾರ ಮರ್ತೋದ್ಯಾ?" ಎಂದವಳು ಹೊಂಬಾಳಮ್ಮ ನೋಡುತ್ತಿದ್ದ ಕಡೆಗೇ ತಾನೂ ನೋಡಿದಳು.

ಆ ಮುದಿ ಕೈ ಅಷ್ಟು ಬೇಗ ಓಡೀತು ಅಂತ ಹೊಂಬಾಳಮ್ಮ ಎಣಿಸಿರಲಿಲ್ಲ. ಬಿಲ್ಲೆಯನ್ನು ಮಗುವಿನ ಬಾಯಿಂದ ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಮಗು ಕಿಟಾರನೆ ಅಳತೊಡಗಿತು.

"ಅವ್ವಾ, ಅದು ನಿಮ್ ಕೈಗೆ ಎಂಗೆ ಬಂತು?"

ಚಿನ್ನಮ್ಮನ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಹುಳದ ಮನೆಯ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ನೀನ್ಯಾರೋ ನಂಗೊತ್ತಿಲ್ಲ. ಕೂಟಗಲ್ಲೋಳಂತೂ ಅಲ್ಲ. ನಿನ್ ಕಾಲ್ಗೆ ಬೀಳ್ತೀನಿ. ಅವಳ್ಗೆ ಮಾತ್ರ ಹೇಳ್ಬ್ಯಾಡ."

"ಏನ ಹೇಳ್ಬಾರ್ದು?"

ಅಷ್ಟರಲ್ಲಿ ಮಗುವಿನ ಅಳು ಕೇಳಿ ಸುಮನಾ ಖಾಲಿ ಮಂಕರಿ ಹಿಡಿದು ಹೊರಗೆ ಬಂದಳು. ಹೊಂಬಾಳಮ್ಮನನ್ನು ಕಂಡು ಬೆರಗಾದಳು. ಆಮೇಲೆ ಮಗಳ ಗಲ್ಲ ನೋಡಿದಳು. ಅತ್ತೆಯ ಮುಷ್ಟಿ ನೋಡಿದಳು. ಬೆರಳ ಸಂದಿನಲ್ಲಿ ಹಳದಿ ಕಾಣುತ್ತಿತ್ತು. ಕೊನೆಗೆ ಹೊಂಬಾಳಮ್ಮನ ಚೀಲ ನೋಡಿದಳು. ಹೊಂಬಾಳಮ್ಮ ಬೇರೆ ಏನೂ ತೋಚದೆ, ಇಲ್ಲೇ ಇದೆ ಅನ್ನುವ ಹಾಗೆ ಚೀಲದ ಮೇಲೆ ಕೈ ಇಟ್ಟಳು.

ಸುಮನಾ ಮಂಕರಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು.

ಬೀದಿಯ ತುದಿಯಿಂದ ಗೂಡ್ಸ್ ಆಟೋದ ಸದ್ದು ಬಂತು. ಸೊಪ್ಪಿನ ಲೋಡು ತುಂಬಿಕೊಂಡು ಅವಳ ಗಂಡ ಮಹೇಂದ್ರ ಬರುತ್ತಿದ್ದ.

ಸುಮನಾ ಜಗುಲಿಯ ಹತ್ತಿರ ಬಂದು ಎರಡೂ ಕೈ ಚಾಚಿದಳು.

"ಅತ್ತೆ, ಪಾಪೂನ ಒಸಿ ಇತ್ತಾಗ್ ಕೊಡಿ."

ಚಿನ್ನಮ್ಮ ಅಳುವ ಮಗುವನ್ನು ಎದೆಗೆ ಒತ್ತಿಕೊಂಡಳು. ಬಿಲ್ಲೆ ಇಟ್ಟವಳು ಅತ್ತೆಯೇ ಅಂತ ಸುಮನಾ ತಿಳಿದುಬಿಟ್ಟಿದ್ದಳು, ಅದು ನಿಜವೋ ಅಲ್ಲವೋ ಹೊಂಬಾಳಮ್ಮನಿಗೇ ಗೊತ್ತಿರಲಿಲ್ಲ. ಮನೆಯ ಮುಂದೆ ಗಾಡಿ ಬಂದು ನಿಂತಿತು.